ನಾಯಿಯ ಬಟ್ಟಲಿನ ತಿಂಗಳ ಲೆಕ್ಕ

ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಹಾಲು, ಗ್ಯಾಸು, ಕರೆಂಟು ಬಿಲ್ಲುಗಳ ಕೆಳಗೆ ‘ಚಂದ್ರಿ’ ಎಂದೊಂದು ಸಾಲು ಇರುತ್ತದೆ. ಚಂದ್ರಿ ಮುಧೋಳ ತಳಿಯ ಹೆಣ್ಣುನಾಯಿ, ತೂಕ 20 ಕಿಲೋ. ಪಶುವೈದ್ಯರನ್ನು ಕೇಳಿಕೊಂಡು ಅವಳಿಗೆ ಹಸಿ ಮಾಂಸದ ಊಟ ಶುರು ಮಾಡಿದಾಗಿನಿಂದ ನಾಯಿ ಸಾಕಿದ ಗೆಳೆಯರೆಲ್ಲ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಮೊದಲು ಬಟ್ಟಲಿಗೆ ಏನೇನು, ಎಷ್ಟೆಷ್ಟು ಬೀಳಬೇಕು ಎಂಬುದು ಗ್ರಾಂ ಲೆಕ್ಕದಲ್ಲಿ ಗೊತ್ತಿರಬೇಕು.

ಹಸಿ ಆಹಾರದ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. ಅವರ ಪುಸ್ತಕ ಬಂದದ್ದು 1993ರಲ್ಲಿ. ಈಗ ಹಸಿ ಮಾಂಸ ಹಾಕುವವರ ಬಾಯಲ್ಲಿ ಎರಡು ಸೂತ್ರಗಳು ಓಡಾಡುತ್ತವೆ. ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ 2ರಿಂದ 3ರಷ್ಟು ಆಹಾರ ಎಂಬುದು ಒಂದು. ಆ ಆಹಾರದಲ್ಲಿ ಶೇ 80 ಮಾಂಸ, ಶೇ 10 ಮೂಳೆ, ಶೇ 5 ಲಿವರ್, ಶೇ 5 ಕಿಡ್ನಿ ಅಥವಾ ಗುಲ್ಮದಂಥ ಇನ್ನೊಂದು ಒಳಾಂಗ ಎಂಬುದು ಇನ್ನೊಂದು.

ಈ ಶೇಕಡಾ ಲೆಕ್ಕವನ್ನು ನಮ್ಮೂರಿನ ಕೋಳಿ ಅಂಗಡಿಗೆ ಹಾಗೆಯೇ ತರುವಂತಿಲ್ಲ. ಪಶುವೈದ್ಯರು ನಾಯಿಯ ತೂಕವನ್ನು 0.75ರ ಘಾತಕ್ಕೆ ಏರಿಸಿ, 70ರಿಂದ ಗುಣಿಸಿ, ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಕ್ಯಾಲೊರಿ ಲೆಕ್ಕ ಹಾಕುತ್ತಾರೆ. 20 ಕಿಲೋದ ನಾಯಿಗೆ ಅದು ಸುಮಾರು 660. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮಿತವಾಗಿ ಓಡಾಡುವ ನಾಯಿಗೆ ಅದರ 1.4 ಪಟ್ಟು ಎಂದಿಟ್ಟುಕೊಂಡರೂ 925 ಕ್ಯಾಲೊರಿ ಬೇಕು. ನಾವು ಕೊಳ್ಳುವುದು ಸ್ಕಿನ್‌ಲೆಸ್ ಕೋಳಿ. ಚರ್ಮವಿಲ್ಲದ ಎದೆಮಾಂಸದಲ್ಲಿ 100 ಗ್ರಾಂಗೆ ಸುಮಾರು 120 ಕ್ಯಾಲೊರಿ, ಕಂದನಕಾಯಿಯಲ್ಲಿ ಇನ್ನೂ ಕಡಿಮೆ. ಶೇ 2.5ರ ಲೆಕ್ಕದಲ್ಲಿ 500 ಗ್ರಾಂ ಹಾಕಿದರೆ 600 ಕ್ಯಾಲೊರಿಯ ಸುತ್ತಮುತ್ತ ನಿಲ್ಲುತ್ತದೆ. ಬಟ್ಟಲು ತುಂಬಿದ ಹಾಗೆ ಕಾಣುತ್ತದೆ, ನಾಯಿ ಸೊರಗುತ್ತಾ ಹೋಗುತ್ತದೆ. ಮುಧೋಳ ಮೊದಲೇ ಕಡ್ಡಿಯಂಥ ತಳಿ. ಸೊರಗಿದ್ದು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಇದಕ್ಕೆ ಅಗ್ಗದ ಉತ್ತರ ಅಂಗಡಿಯವನು ಬಕೆಟ್ಟಿಗೆ ಎಸೆಯುವ ಚರ್ಮದಲ್ಲಿದೆ. ಹಸಿ ಕೋಳಿಚರ್ಮದಲ್ಲಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇರುತ್ತದೆ. ಚಂದ್ರಿಗೆ ನಾನು ತೊಡೆಮಾಂಸವನ್ನು ಚರ್ಮದ ಸಮೇತ ತರುತ್ತೇನೆ. ಆದರೆ ಕೊಬ್ಬನ್ನು ಒಮ್ಮೆಲೇ ಏರಿಸಬಾರದು, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಎರಡು ಮೂರು ವಾರ ತೆಗೆದುಕೊಂಡು ಏರಿಸಿ.

ಇನ್ನು ಮೂಳೆ. ಕೋಳಿ ಕಾಲು, ಕತ್ತು ಅಗ್ಗವೆಂದು ಚೀಲಗಟ್ಟಲೆ ತರುವವರಿದ್ದಾರೆ. ಕತ್ತಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೂಳೆ, ಪಾದದಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಅದನ್ನೇ ಊಟ ಮಾಡಿದರೆ ನಾಯಿಗೆ ಮಲ ಸುಣ್ಣದಂತೆ ಗಟ್ಟಿಯಾಗಿ ಬಾಧೆಯಾಗುತ್ತದೆ, ಆಸ್ಪತ್ರೆಯ ಬಿಲ್ಲು ಉಳಿತಾಯವನ್ನೆಲ್ಲ ನುಂಗುತ್ತದೆ. ಚಂದ್ರಿಗೆ ನಾನು ಶೇ 3ರ ಲೆಕ್ಕದಲ್ಲಿ ದಿನಕ್ಕೆ 600 ಗ್ರಾಂ ಹಾಕುತ್ತೇನೆ, ಅದರಲ್ಲಿ ಮೂಳೆ 60 ಗ್ರಾಂ ಇರಬೇಕು. ಅದಕ್ಕೆ 165 ಗ್ರಾಂ ಕತ್ತು ಸಾಕು. ಉಳಿದದ್ದು 200 ಗ್ರಾಂ ತೊಡೆ, 175 ಗ್ರಾಂ ಕಂದನಕಾಯಿ ಮತ್ತು ಹೃದಯ, 30 ಗ್ರಾಂ ಕೋಳಿ ಲಿವರ್, 30 ಗ್ರಾಂ ಮೇಕೆ ಕಿಡ್ನಿ. ಮೇಲೊಂದು ಮೊಟ್ಟೆ. ಕಂದನಕಾಯಿ, ಹೃದಯ ಎರಡೂ ಮಾಂಸದ ಲೆಕ್ಕಕ್ಕೇ ಸೇರುತ್ತವೆ, ಒಳಾಂಗದ ಲೆಕ್ಕಕ್ಕಲ್ಲ. ಲಿವರ್ ಅಗ್ಗವಾಗಿ ಸಿಕ್ಕಿತೆಂದು ಹೆಚ್ಚು ಹಾಕಬೇಡಿ. ವಿಟಮಿನ್ ಎ ದೇಹದಲ್ಲಿ ಶೇಖರವಾಗಿ ವಿಷವಾಗುತ್ತದೆ.

ಕುರಿ, ಮೇಕೆಯ ಒಳಾಂಗವನ್ನು ನಾನು ಬೇಯಿಸದೆ ಹಾಕುವುದಿಲ್ಲ. ಅವುಗಳ ಲಿವರ್, ಶ್ವಾಸಕೋಶಗಳಲ್ಲಿ ಹೈಡಾಟಿಡ್ ಎಂಬ ನೀರುಗುಳ್ಳೆ ಇರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಲಾಡಿಹುಳ ಬೆಳೆದು, ಮಲದ ಮೂಲಕ ಹೊರಬರುವ ಮೊಟ್ಟೆಗಳಿಂದ ಮನುಷ್ಯರಿಗೂ ರೋಗ ತಗಲುತ್ತದೆ. ಜಂತುಹುಳದ ಮಾತ್ರೆಯ ಖರ್ಚು ಈ ಊಟದ ಖರ್ಚಿನ ಭಾಗವೇ.

ಈಗ ದುಡ್ಡು. ನಮ್ಮ ಬಡಾವಣೆಯ ದರದಲ್ಲಿ ತಿಂಗಳಿಗೆ 5 ಕಿಲೋ ಕತ್ತಿಗೆ 400 ರೂಪಾಯಿ, 6 ಕಿಲೋ ತೊಡೆಗೆ 1,800, ಸುಮಾರು 5 ಕಿಲೋ ಕಂದನಕಾಯಿ ಮತ್ತು ಹೃದಯಕ್ಕೆ 950, ಲಿವರ್ ಮತ್ತು ಕಿಡ್ನಿಗೆ 500, ಮೊಟ್ಟೆಗೆ 210. ಒಟ್ಟು 3,860. ಇಷ್ಟೇ ಕ್ಯಾಲೊರಿಗೆ ಡ್ರೈ ಫುಡ್ ತಿಂಗಳಿಗೆ ಎಂಟು ಕಿಲೋದೊಳಗೆ ಸಾಕಾಗುತ್ತದೆ. ಕಿಲೋಗೆ 250 ರೂಪಾಯಿಯದಾದರೆ ಎರಡು ಸಾವಿರದೊಳಗೆ ಮುಗಿಯುತ್ತದೆ, 700ರದಾದರೆ ಐದು ಸಾವಿರ ದಾಟುತ್ತದೆ. ಹಸಿ ಮಾಂಸ ಅಗ್ಗವೆಂಬ ಮಾತು ದುಬಾರಿ ಡ್ರೈ ಫುಡ್ ಜೊತೆ ಹೋಲಿಸಿದರೆ ಮಾತ್ರ ನಿಜ. ಇದರ ಮೇಲೆ ಸತು, ಅಯೋಡಿನ್, ವಿಟಮಿನ್ ಇ ಕೊರತೆ ತುಂಬಲು ವೈದ್ಯರು ಬರೆದುಕೊಡುವ ಪೂರಕಗಳ ಖರ್ಚು ಬೇರೆ; 80:10:10 ತಾನಾಗಿಯೇ ಪೂರ್ಣ ಆಹಾರವಲ್ಲ. ಮರಿಗಳಿಗಂತೂ ಈ ಲೆಕ್ಕವನ್ನು ಮನೆಯಲ್ಲಿ ಹಾಕಲೇಬೇಡಿ. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಹೆಚ್ಚಾದರೂ ಕಡಿಮೆಯಾದರೂ ಕಾಲು ಸೊಟ್ಟಗಾಗುತ್ತದೆ.

ಉಳಿತಾಯಕ್ಕೆ ದಾರಿ ಕ್ಯಾಲೆಂಡರಿನಲ್ಲಿದೆ. ಯುಗಾದಿ ಮರುದಿನದ ಹೊಸತೊಡಕಿಗೆ ಅಂಗಡಿ ಮುಂದೆ ಸಾಲು, ದರವೂ ಏರುತ್ತದೆ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಬಿಡುವುದರಿಂದ ಕೋಳಿ ಇಳಿಯುತ್ತದೆ. ಫ್ರೀಜರ್ ತುಂಬಿಸಿಕೊಳ್ಳಲು ಅದೇ ಸಮಯ. ಗಾಂಧಿ ಜಯಂತಿ, ಮಹಾವೀರ ಜಯಂತಿಗಳಂದು ಬೆಂಗಳೂರಿನಲ್ಲಿ ಮಾಂಸ ಮಾರಾಟ ಇರುವುದಿಲ್ಲ, ಆ ದಿನದ ಡಬ್ಬಿ ಮೊದಲೇ ಸಿದ್ಧವಿರಬೇಕು. ವಾರದ ಪಾಲು ನಾಲ್ಕು ಕಿಲೋ ಚಿಲ್ಲರೆ. ಒಂದೇ ದಿನ ತೂಗಿ, ದಿನಕ್ಕೊಂದು ಡಬ್ಬಿಯಂತೆ ತುಂಬಿ, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದರೆ ಏನೂ ದಂಡವಾಗುವುದಿಲ್ಲ. ಗ್ರಾಂ ತೋರಿಸುವ ಅಡುಗೆ ತಕ್ಕಡಿಯನ್ನು ಮಾತ್ರ ಮರೆಯದೆ ಕೊಳ್ಳಿ.

ಫ್ರೀಜರಿನ ಚಳಿಗೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ನಾಯಿಗೆ ಏನೂ ಆಗದಿದ್ದರೂ ಅದರ ಬಾಯಿ, ಬಟ್ಟಲು, ಮಲದಿಂದ ಮನೆಯವರಿಗೆ ಹರಡಬಹುದು. ಅಮೆರಿಕದ ಪಶುವೈದ್ಯರ ಸಂಘ ಹಸಿ ಮಾಂಸವನ್ನು ಬೇಡವೆನ್ನುವುದು ಇದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಇರುವವರೆಲ್ಲ ಗಟ್ಟಿಮುಟ್ಟಾದ ದೊಡ್ಡವರು. ನಿಮ್ಮಲ್ಲಿ ಐದು ವರ್ಷದೊಳಗಿನ ಮಗುವೋ, ಬಸುರಿಯೋ, ವಯಸ್ಸಾದವರೋ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೋ ಇದ್ದರೆ ದಯವಿಟ್ಟು ಮಾಂಸವನ್ನು ಬೇಯಿಸಿಯೇ ಹಾಕಿ. ಆಗ ಮೂಳೆಯನ್ನು ಪೂರ್ತಿ ತೆಗೆದುಬಿಡಿ, ಬೆಂದ ಮೂಳೆ ಸಿಗಿದು ಕರುಳಿಗೆ ಚುಚ್ಚುತ್ತದೆ. ಕ್ಯಾಲ್ಸಿಯಂ ಎಷ್ಟು ಸೇರಿಸಬೇಕೆಂದು ನಿಮ್ಮ ಪಶುವೈದ್ಯರಿಂದ ಬರೆಸಿಕೊಳ್ಳಿ.