ಮೈಸೂರು ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್: ಒಂದು ಪರಿಚಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಶಾಲೆಯ ಇತಿಹಾಸವನ್ನೋ ನನ್ನ ಸೇವಾವಧಿಯ ನೆನಪುಗಳನ್ನೋ ಬರೆದೇನೆಂದು ಅವರು ಭಾವಿಸಿದ್ದಿರಬೇಕು. ಆದರೆ ನನ್ನ ಮೇಲೆ ಒಂದು ಹಳೆಯ ಸಾಲವಿದೆ. ಅದನ್ನು ತೀರಿಸಲು ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ. ಓದುಗರು ಕ್ಷಮಿಸಬೇಕು.

ಬಹಳ ವರ್ಷಗಳ ಹಿಂದೆ ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಬೋಡಿಯ ಏಲಕ್ಕಿ ಮಂಡಿ, ತೇನಿಯ ಸಂತೆಗಳನ್ನು ಬಿಟ್ಟು ಬೇರೇನನ್ನೂ ಕಂಡಿರದ ಮಕ್ಕಳು ಅರಮನೆಯ ಮುಂದೆ ಬಾಯಿ ತೆರೆದು ನಿಂತರು. ಅವರಲ್ಲೊಬ್ಬ ಗಾರೆ ಕೆಲಸದವರ ಮಗ. "ಇದನ್ನ ಕಟ್ಟಿದ್ದು ಯಾರು ಸಾರ್?" ಎಂದು ಕೇಳಿದ. "ಮಹಾರಾಜರು ಕಣಪ್ಪ" ಎಂದೆ. ಹುಡುಗ ಒಂದು ಕ್ಷಣ ಯೋಚಿಸಿ, "ಅವರು ಕಟ್ಟಿಸಿದವರು ಸಾರ್. ಕಟ್ಟಿದವರು ಯಾರು?" ಎಂದ.

ಕಟ್ಟು, ಕಟ್ಟಿಸು ಎಂಬ ಪ್ರೇರಣಾರ್ಥಕ ರೂಪಗಳನ್ನು ಆ ಮಕ್ಕಳಿಗೆ ಕಲಿಸಿದವನು ನಾನೇ. ಅದೇ ವ್ಯಾಕರಣವನ್ನು ಹಿಡಿದು ಅವನು ನನ್ನನ್ನು ಪ್ರಶ್ನಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ. "ಸಾಲು ತಪ್ಪಬೇಡ, ಮುಂದೆ ನಡೆ" ಎಂದು ಗದರಿದೆ. ಉಪಾಧ್ಯಾಯನಾದವನು ತನ್ನ ಅಜ್ಞಾನವನ್ನು ಗದರಿಕೆಯಿಂದ ಮುಚ್ಚಿಕೊಳ್ಳುವುದು ಸಣ್ಣ ಅಪರಾಧವೇನಲ್ಲ. ಆ ಪ್ರಶ್ನೆಗೆ ನಿವೃತ್ತಿಯ ನಂತರ ಓದಿ ಕಂಡುಕೊಂಡ ಉತ್ತರವೇ ಈ ಲೇಖನ.

ಸಮ್ಮಿಶ್ರ ಶೈಲಿ ಎಂದರೇನು?

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ವಾಸ್ತುಶಿಲ್ಪಿಗಳು ಒಂದೇ ಪರಂಪರೆಗೆ ಕಟ್ಟುಬೀಳದೆ, ಗ್ರೀಕ್, ರೋಮನ್, ಗಾಥಿಕ್ ಮುಂತಾದ ಹಲವು ಶೈಲಿಗಳಿಂದ ತಮಗೆ ಬೇಕಾದ ಅಂಶಗಳನ್ನು ಆರಿಸಿ ಒಂದೇ ಕಟ್ಟಡದಲ್ಲಿ ಕೂಡಿಸತೊಡಗಿದರು. ಇದನ್ನು ನಾವು ಸಮ್ಮಿಶ್ರ ಶೈಲಿ ಎನ್ನಬಹುದು. ಇದಕ್ಕೆ ಪ್ರಸಿದ್ಧ ನಿದರ್ಶನ ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್ ನಗರದ ನ್ಯಾಯಾಲಯ ಭವನ. 1817ರಲ್ಲಿ ಜನಿಸಿದ ಜೋಸೆಫ್ ಪೂಲಾರ್ಟ್ ಎಂಬ ವಾಸ್ತುಶಿಲ್ಪಿ ಅದನ್ನು ರಚಿಸಿದನು. 1866ರಲ್ಲಿ ಆರಂಭವಾದ ಕೆಲಸ 1883ರಲ್ಲಿ ಮುಗಿಯಿತು. ಅದನ್ನು ಪೂರ್ಣಗೊಂಡ ರೂಪದಲ್ಲಿ ಕಾಣುವ ಭಾಗ್ಯ ಅವನಿಗಿರಲಿಲ್ಲ. 1879ರಲ್ಲೇ ತೀರಿಕೊಂಡನು. ಆ ಭವನಕ್ಕಾಗಿ ಅಲ್ಲಿನ ಬಡಜನರ ಕೇರಿಯ ಮನೆಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರ ಬಾಯಲ್ಲಿ 'ವಾಸ್ತುಶಿಲ್ಪಿ' ಎಂಬ ಮಾತೇ ಒಂದು ಬೈಗುಳವಾಗಿ ಉಳಿಯಿತು. ಕಟ್ಟುವವನು ಕೆಡವುವುದರ ಬಗೆಗೂ ಯೋಚಿಸಬೇಕು ಎಂಬ ಪಾಠ ಇಲ್ಲಿದೆ.

ಇದೇ ಸಮ್ಮಿಶ್ರ ದೃಷ್ಟಿ ಭಾರತಕ್ಕೆ ಬಂದಾಗ ಮೊಗಲರ ಗುಮ್ಮಟ, ರಜಪೂತರ ಛತ್ರಿ, ಹಿಂದೂ ದೇವಾಲಯದ ಕೆತ್ತನೆ, ಯುರೋಪಿನ ಗೋಪುರಗಳು ಒಂದಾದವು. ಇದಕ್ಕೆ ಇಂಡೋ-ಸಾರ್ಸೆನಿಕ್ ಶೈಲಿ ಎಂಬ ಹೆಸರು ಬಂದಿತು. ಈ ಶೈಲಿಯ ಅಗ್ರಗಣ್ಯರಲ್ಲಿ ಹೆನ್ರಿ ಇರ್ವಿನ್ ಒಬ್ಬರು.

ಇರ್ವಿನ್ನರ ಬಾಳು ಮತ್ತು ಕೃತಿಗಳು

ಇರ್ವಿನ್ ಜನಿಸಿದ್ದು 1841ರಲ್ಲಿ. ಅವರದು ಐರ್ಲೆಂಡಿನ ಮನೆತನ. ತಂದೆ ಕ್ರೈಸ್ತ ಧರ್ಮಾಧಿಕಾರಿಗಳು. ಯೌವನದಲ್ಲಿಯೇ ಭಾರತಕ್ಕೆ ಬಂದ ಇರ್ವಿನ್ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅವರಿಗೆ ಕೀರ್ತಿ ತಂದ ಮೊದಲ ದೊಡ್ಡ ಕೃತಿ ಸಿಮ್ಲಾದ ವೈಸರಾಯರ ನಿವಾಸ. ಲಾರ್ಡ್ ಡಫರಿನ್ನರ ಕಾಲದಲ್ಲಿ, 1888ರಲ್ಲಿ ಅದು ಸಿದ್ಧವಾಯಿತು. ಬೂದು ಬಣ್ಣದ ಕಲ್ಲಿನ ಆ ಕಟ್ಟಡ ಸಂಪೂರ್ಣವಾಗಿ ಇಂಗ್ಲೆಂಡಿನ ಹಳೆಯ ಮಾದರಿಯದು. ಅದರಲ್ಲಿ ಗುಮ್ಮಟವಾಗಲಿ ಛತ್ರಿಯಾಗಲಿ ಇಲ್ಲ. ಇಂದು ಅದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ನೆಲೆಯಾಗಿದೆ.

ಸಿಮ್ಲಾದಿಂದ ಮದರಾಸಿಗೆ ಬಂದ ಮೇಲೆ ಅವರ ಕೈ ಬದಲಾಯಿತು. 1892ರಲ್ಲಿ ಉದ್ಘಾಟನೆಗೊಂಡ ಮದರಾಸು ಉಚ್ಚ ನ್ಯಾಯಾಲಯದ ಭವನವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಅದರ ಮೊದಲ ನಕ್ಷೆ ಬ್ರಾಸಿಂಗ್ಟನ್ ಅವರದು. ಅದನ್ನು ತಿದ್ದಿ ಬೆಳೆಸಿ ಪೂರೈಸಿದವರು ಇರ್ವಿನ್. ಕೆಂಪು ಇಟ್ಟಿಗೆಯ ಗೋಡೆಗಳು, ಬಣ್ಣದ ಗಾಜುಗಳು, ಸಾಲು ಗುಮ್ಮಟಗಳು, ಇವೆಲ್ಲದರ ನಡುವೆ ಎತ್ತರದ ಗೋಪುರ. ಆ ಗೋಪುರದ ತುದಿಯಲ್ಲಿ ಹಡಗುಗಳಿಗೆ ದಾರಿ ತೋರುವ ದೀಪವನ್ನೂ ಇಟ್ಟಿದ್ದರು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿದ ನೆನಪಿನ ಫಲಕವನ್ನು ಈಗಲೂ ಆ ಆವರಣದಲ್ಲಿ ಕಾಣಬಹುದು. 1909ರಲ್ಲಿ ತೆರೆದ ವಿಕ್ಟೋರಿಯಾ ಸ್ಮಾರಕ ಭವನವೂ ಇರ್ವಿನ್ನರ ರಚನೆಯೇ. ಫತೇಪುರ್ ಸಿಕ್ರಿಯ ಮಹಾದ್ವಾರವನ್ನು ನೆನಪಿಸುವ ಕೆಂಗಲ್ಲಿನ ಆ ಕಟ್ಟಡ ಎಗ್ಮೋರಿನ ವಸ್ತುಸಂಗ್ರಹಾಲಯದ ಆವರಣದಲ್ಲಿದೆ.

ನಮ್ಮೂರಿನವರಿಗೆ ಹೆಚ್ಚು ಪರಿಚಿತವಾದುದು 1908ರಲ್ಲಿ ಆರಂಭವಾದ ಎಗ್ಮೋರ್ ರೈಲು ನಿಲ್ದಾಣ. ಮಧುರೈಯಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಎಗ್ಮೋರಿನಲ್ಲಿ ಇಳಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಗಂಟುಮೂಟೆಗಳನ್ನು ಎಣಿಸಿಕೊಳ್ಳುವ ಗಡಿಬಿಡಿಯಲ್ಲಿ ತಲೆಯೆತ್ತಿ ಆ ಗುಮ್ಮಟಗಳನ್ನು ನೋಡಿದವರು ಎಷ್ಟು ಮಂದಿಯೋ ತಿಳಿಯದು. ಅದು ಇರ್ವಿನ್ನರ ನಕ್ಷೆಯಿಂದ ಎದ್ದ ಕಟ್ಟಡ. ಮೈಸೂರು ಅರಮನೆಯನ್ನು ನೋಡಲು ಹೋಗದವರು ಕೂಡ ಅದರ ತಮ್ಮನ ನೆರಳಿನಲ್ಲಿ ನಿಂತು ಕಾಫಿ ಕುಡಿದಿದ್ದಾರೆ ಎನ್ನಬಹುದು.

ಬೆಂಕಿಯಿಂದ ಎದ್ದ ಅರಮನೆ

ಮೈಸೂರಿನ ಹಳೆಯ ಅರಮನೆ ಮರದ್ದು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯಕಾಲದಲ್ಲಿ ಕಟ್ಟಿದ ಆ ಅರಮನೆ ಸುಮಾರು ಒಂದು ಶತಮಾನ ಕಾಲ ನಿಂತಿತ್ತು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಅದಕ್ಕೆ ಬೆಂಕಿ ಬಿದ್ದಿತು. ಮರದ ಕಂಬ, ಮರದ ತೊಲೆ, ಮರದ ಚಾವಣಿ. ಬಹುಭಾಗ ಸುಟ್ಟು ಬೂದಿಯಾಯಿತು. ಚಾಮರಾಜೇಂದ್ರ ಒಡೆಯರು ತೀರಿಕೊಂಡು ಮೂರು ವರ್ಷಗಳೂ ತುಂಬಿರಲಿಲ್ಲ. ನಾಲ್ವಡಿ ಕೃಷ್ಣರಾಜರಿಗೆ ಆಗ ಇನ್ನೂ ಹನ್ನೆರಡರ ವಯಸ್ಸು. ರಾಜ್ಯಭಾರ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಗಲ ಮೇಲಿತ್ತು. ಮದುವೆಯ ಮನೆಯೇ ಸುಟ್ಟುಹೋದ ಆ ದುಃಖದ ವರ್ಷದಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಹೊಸ ಅರಮನೆಯ ಕೆಲಸವನ್ನು ಆರಂಭಿಸಿದ ಆ ತಾಯಿಯ ಧೈರ್ಯವನ್ನು ನಾವು ಮರೆಯುವಂತಿಲ್ಲ.

ನಕ್ಷೆ ಬರೆಯುವ ಹೊಣೆ ಇರ್ವಿನ್ನರಿಗೆ ಬಂದಾಗ ಅವರಿಗೆ ಐವತ್ತಾರು ವರ್ಷ. ಕೆಲಸ ಮುಗಿದದ್ದು 1912ರಲ್ಲಿ, ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ತಗುಲಿದ ವೆಚ್ಚ 41,47,913 ರೂಪಾಯಿಗಳು. ಈ ನಡುವೆ 1902ರಲ್ಲಿ ನಾಲ್ವಡಿಯವರು ಅಧಿಕಾರ ಸ್ವೀಕರಿಸಿದಾಗ ಹೊಸ ಅರಮನೆ ಸಿದ್ಧವಾಗಿರಲಿಲ್ಲ. ಆ ಸಮಾರಂಭ ಜಗನ್ಮೋಹನ ಅರಮನೆಯಲ್ಲಿ ನಡೆಯಿತು.

ಈ ಕಟ್ಟಡವನ್ನು ಒಂದು ಪಾಠದಂತೆ ಓದಬೇಕು. ಮೊದಲು ಹೊರಮೈ. ಬೂದು ಬಣ್ಣದ ಗಟ್ಟಿ ಕಲ್ಲಿನ ಮೂರು ಅಂತಸ್ತು, ಮೂಲೆಗಳಲ್ಲಿ ಕೆಂಪು ಗುಮ್ಮಟಗಳು, ನಡುವೆ 145 ಅಡಿ ಎತ್ತರದ ಗೋಪುರ, ಅದರ ಮೇಲೆ ಬಂಗಾರದ ಕಳಶ. ಗುಮ್ಮಟ ಮುಸ್ಲಿಂ ಪರಂಪರೆಯದು. ಚಾಚಿದ ಮಾಡಗಳು ರಜಪೂತರವು. ನಡುಗಮಾನಿನ ಮೇಲೆ ಆನೆಗಳೊಡನೆ ಕುಳಿತ ಗಜಲಕ್ಷ್ಮಿ ನಮ್ಮ ಮನೆಬಾಗಿಲಿನವಳು. ಇನ್ನು ಒಳಗೆ. ಕಲ್ಯಾಣ ಮಂಟಪ ಎಂಟು ಮೂಲೆಯದು. ಅದರ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾರ್ಖಾನೆಯಲ್ಲಿ ತಯಾರಾದವು. ತಲೆಯೆತ್ತಿ ನೋಡಿದರೆ ಬಣ್ಣದ ಗಾಜಿನಲ್ಲಿ ನವಿಲುಗಳು. ಪರದೇಶದ ಕಬ್ಬಿಣ, ಪರದೇಶದ ಗಾಜು. ಆದರೆ ನವಿಲು ನಮ್ಮದು. ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಅನಂತರ, 1934 ಮತ್ತು 1945ರ ನಡುವೆ, ಮೈಸೂರಿನ ಕಲಾವಿದರೇ ಬರೆದರು. ಬೀಟೆಯ ಬಾಗಿಲುಗಳಿಗೆ ದಂತದ ಕುಸುರಿ ಕೂರಿಸಿದ್ದು ಮೈಸೂರಿನ ಕುಶಲಕರ್ಮಿಗಳ ಕೈ.

ಇಷ್ಟೆಲ್ಲ ಬೆರೆತರೂ ಅದು ಕಲಬೆರಕೆ ಎನಿಸದಿರಲು ಕಾರಣವೇನು? ಹೊಸ ಅರಮನೆ ಎದ್ದದ್ದು ಹಳೆಯ ಅರಮನೆ ಇದ್ದ ನೆಲದ ಮೇಲೆಯೇ. ಅದರ ಮುಖ್ಯ ಹೊರರೇಖೆಗಳನ್ನೂ ಬಿಟ್ಟುಕೊಡಲಿಲ್ಲ. ದಸರೆಯ ದರ್ಬಾರು, ಗೊಂಬೆ ತೊಟ್ಟಿ, ಮಂಗಳಕಾರ್ಯಗಳ ಮಂಟಪ, ಇವುಗಳಿಗೆ ಬೇಕಾದ ಜಾಗವೇ ಕಟ್ಟಡದ ಎಲುಬಾಯಿತು. ಅಲಂಕಾರ ಎಲ್ಲಿಂದಲಾದರೂ ಬರಲಿ, ಎಲುಬು ಮನೆಯದ್ದಾಗಿತ್ತು. ಮರವನ್ನು ಸುಟ್ಟ ಬೆಂಕಿಯ ನೆನಪಿನಿಂದ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಆರಿಸಿದ್ದರು. ಹೀಗೆ ಆಯ್ಕೆಗೆ ಕಾರಣವಿದ್ದಾಗ ಮಿಶ್ರಣಕ್ಕೆ ಮರ್ಯಾದೆ ಬರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ತಲೆಮಾರುಗಳನ್ನು ಕಳೆದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇರ್ವಿನ್ 1922ರಲ್ಲಿ ಉದಕಮಂಡಲದಲ್ಲಿ ನಿಧನರಾದರು.

ಕಟ್ಟಿದವರು ಯಾರು?

ಇಷ್ಟು ಹೇಳಿದರೂ ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಂತಾಯಿತು. ಇರ್ವಿನ್ ನಕ್ಷೆ ಬರೆದವರು. ಅದನ್ನು ನೆಲದ ಮೇಲೆ ನಿಲ್ಲಿಸಿದ ಇಂಜಿನಿಯರು ಬಿ. ಪಿ. ರಾಘವುಲು ನಾಯ್ಡು. ಮದರಾಸಿನ ಉಚ್ಚ ನ್ಯಾಯಾಲಯ, ವಿಕ್ಟೋರಿಯಾ ಸ್ಮಾರಕ ಭವನಗಳನ್ನು ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿಯವರು. ಎಗ್ಮೋರ್ ನಿಲ್ದಾಣವನ್ನು ಕಟ್ಟಿದವರು ಬೆಂಗಳೂರಿನ ಸಾಮಿನಾಥ ಪಿಳ್ಳೆಯವರು. ಇವರಿಗೂ ಕೆಳಗೆ ಕಲ್ಲು ಒಡೆದವರು, ಸುಣ್ಣ ಅರೆದವರು, ಉಳಿ ಹಿಡಿದವರು ಸಾವಿರಾರು ಮಂದಿ. ಅವರ ಹೆಸರುಗಳನ್ನು ನಾನು ಎಲ್ಲಿಯೂ ಓದಲಿಲ್ಲ.

ಮಧುರೈಯ ಪಾಠ

ನಮ್ಮ ನೆರೆಯ ಮಧುರೈಯಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ಪಾಠವಿದೆ. 1636ರಲ್ಲಿ ಕಟ್ಟಿದ ತಿರುಮಲೆ ನಾಯಕರ ಮಹಲು ಕೂಡ ಒಂದು ಸಮ್ಮಿಶ್ರ ಕೃತಿ. ಅಲ್ಲಿ ದ್ರಾವಿಡ ಕೆತ್ತನೆಯೂ ಇಸ್ಲಾಮೀ ಕಮಾನುಗಳೂ ದೈತ್ಯಾಕಾರದ ಕಂಬಗಳ ಮೇಲೆ ಕೈ ಕೈ ಹಿಡಿದಿವೆ. ನಾಯಕರ ಮೊಮ್ಮಗನ ಕಾಲದಲ್ಲಿಯೇ ಅದರ ಬಹುಭಾಗವನ್ನು ಕಳಚಲಾಯಿತು. ಉಳಿದ ಭಾಗವೂ ಹಾಳು ಬಿದ್ದಿದ್ದಾಗ, 1866ರಿಂದ 1872ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ನೇಪಿಯರ್ ಅದರ ಜೀರ್ಣೋದ್ಧಾರಕ್ಕೆ ಮುಂದಾದರು. ಆ ಕೆಲಸದಲ್ಲಿ ತೊಡಗಿದವರು ರಾಬರ್ಟ್ ಚಿಷೋಮ್. ಮದರಾಸಿನ ಸೆನೆಟ್ ಹೌಸ್, ತಿರುವನಂತಪುರದ ನೇಪಿಯರ್ ವಸ್ತುಸಂಗ್ರಹಾಲಯ ಅವರ ರಚನೆಗಳು. ಇರ್ವಿನ್ನರಿಗಿಂತ ಮೊದಲು ಮದರಾಸಿನಲ್ಲಿ ಈ ಶೈಲಿಯನ್ನು ಬೆಳೆಸಿದವರು ಅವರೇ. ಹಳೆಯದನ್ನು ದುರಸ್ತಿ ಮಾಡುತ್ತ ಕಲಿತ ವಿದ್ಯೆ ಹೊಸದನ್ನು ಕಟ್ಟುವಾಗ ಕೈ ಹಿಡಿಯುತ್ತದೆ ಎಂಬುದಕ್ಕೆ ಚಿಷೋಮ್ ಸಾಕ್ಷಿ.

ನಮ್ಮ ಹಳೆಯ ಹಾಲು

ಈಗ ಮನೆಯ ಮಾತಿಗೆ ಬರುತ್ತೇನೆ. ಮಹೋತ್ಸವದ ಅಂಗವಾಗಿ ನಮ್ಮ ಶಾಲೆಯ ಹಳೆಯ ಹಾಲನ್ನು ಕೆಡವಿ ಅಲ್ಲಿ ತಾರಸಿ ಕಟ್ಟಡ ಕಟ್ಟಬೇಕೆಂಬ ಸಲಹೆ ಬಂದಿದೆ. ನಿರ್ಣಯ ಇನ್ನೂ ಆಗಿಲ್ಲ. ನೀವೆಲ್ಲ ಮಗ್ಗಿ ಹೇಳಿದ ಆ ಹಾಲನ್ನು ಒಮ್ಮೆ ನೆನಪಿಸಿಕೊಳ್ಳಿ. ಜಗಲಿಯ ಕಲ್ಲುಕಂಬಗಳು ಯಾರದೋ ಹಳೆಯ ಮನೆ ಬಿಚ್ಚಿದಾಗ ದಾನವಾಗಿ ಬಂದವು. ಚಾವಣಿಗೆ ಮಂಗಳೂರು ಹೆಂಚು. ಅಡ್ಡತೊಲೆಗಳಲ್ಲಿ ಎರಡು ಮರದವು, ಎರಡು ಕಬ್ಬಿಣದವು, ಸಿಕ್ಕಿದ್ದನ್ನು ಹಾಕಿದ್ದು. ಗೋಡೆ ನಮ್ಮೂರ ಇಟ್ಟಿಗೆಯದು. ಯಾವ ವಾಸ್ತುಶಿಲ್ಪಿಯೂ ನಕ್ಷೆ ಬರೆಯದಿದ್ದರೂ ಅದೂ ಸಮ್ಮಿಶ್ರ ಶೈಲಿಯೇ. ಬಡತನವೇ ಅದರ ವಾಸ್ತುಶಿಲ್ಪಿ.

ಮಳೆಗಾಲದಲ್ಲಿ ಹಾಲು ಸೋರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಕ್ಕಳ ತಲೆಯ ಮೇಲೆ ಹೆಂಚು ಬೀಳಬಾರದು; ನನ್ನ ಹಳೆಯ ನೆನಪುಗಳಿಗಿಂತ ಅವರ ಕ್ಷೇಮ ದೊಡ್ಡದು. ಆದುದರಿಂದ ನನ್ನ ಕೋರಿಕೆ ಇಷ್ಟೇ. ಮೊದಲು ತಿಳಿದ ಇಂಜಿನಿಯರರಿಂದ ಪರೀಕ್ಷೆ ಮಾಡಿಸೋಣ. ದುರಸ್ತಿ ಸಾಧ್ಯವಿದ್ದರೆ ದುರಸ್ತಿ ಮಾಡೋಣ. ಕೆಡವಲೇಬೇಕೆಂದಾದರೆ, ಕೆಡವುವ ಮೊದಲು ಅಳತೆ ತೆಗೆದು ನಕ್ಷೆ ಬರೆಸಿ, ಕಲ್ಲುಕಂಬಗಳನ್ನು ಹೊಸ ಕಟ್ಟಡದ ಜಗಲಿಯಲ್ಲಿ ನಿಲ್ಲಿಸೋಣ.

ಇನ್ನೊಂದು ಕೋರಿಕೆಯೂ ಇದೆ. ಹಾಲಿನ ಬಾಗಿಲ ಬಳಿಯ ಕಲ್ಲಿನಲ್ಲಿ ದಾನಿಗಳ ಹೆಸರುಗಳಿವೆ, ಇರಬೇಕಾದದ್ದೇ. ಗೋಡೆ ಎತ್ತಿದವರ ಹೆಸರು ಒಂದೂ ಇಲ್ಲ. ಮೈಸೂರಿನಲ್ಲಿ ನನ್ನನ್ನು ಪ್ರಶ್ನಿಸಿದ ಆ ಹುಡುಗನ ತಂದೆ ಅವರಲ್ಲಿ ಒಬ್ಬರೆಂದು ನನಗೆ ತಿಳಿದದ್ದು ತೀರ ಈಚೆಗೆ. ಮಗ ಕೇಳಿದ ಪ್ರಶ್ನೆಯಲ್ಲಿ ಅರಮನೆಯ ಜೊತೆಗೆ ತಂದೆಯೂ ಇದ್ದರು, ನನಗೆ ಕಾಣಲಿಲ್ಲ. ನಿಮ್ಮ ತಂದೆಯೋ ತಾತನೋ ಚಿಕ್ಕಪ್ಪನೋ ಆ ಹಾಲಿಗಾಗಿ ಮಣ್ಣು ಹೊತ್ತಿದ್ದರೆ, ಗಾರೆ ಕಲಸಿದ್ದರೆ, ಹೆಂಚು ಹೊದಿಸಿದ್ದರೆ, ದಯವಿಟ್ಟು ಮಹೋತ್ಸವದ ದಿನ ಕಛೇರಿಯಲ್ಲಿ ಇಟ್ಟಿರುವ ಪುಸ್ತಕದಲ್ಲಿ ಅವರ ಹೆಸರನ್ನು ಬರೆಯಿರಿ. ಮೊದಲ ಹೆಸರನ್ನು ನಾನೇ ಬರೆದಿದ್ದೇನೆ.

ಆ ಹುಡುಗ ಈಗ ಬೇರೆ ಊರಿನಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಾನೆಂದು ಕೇಳಿದ್ದೇನೆ. ಮಾಡುವವನಾಗಿದ್ದವನು ಮಾಡಿಸುವವನಾಗಿದ್ದಾನೆ, ಸಂತೋಷ. ಈ ಸಂಚಿಕೆ ಅವನ ಕೈ ಸೇರಿದರೆ, ಅಂದು ಸಾಲಿನಲ್ಲಿ ನಿಂತು ಕೇಳಿದ ಪ್ರಶ್ನೆಗೆ ಗುರುಗಳು ತಡವಾಗಿಯಾದರೂ ಉತ್ತರ ಕೊಟ್ಟರೆಂದು ತಿಳಿಯಲಿ.

ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ, ಅಂದು ಇಲ್ಲಿ ಕನ್ನಡದಲ್ಲಿ ಮಗ್ಗಿ ಹೇಳುವ ಮಕ್ಕಳಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.