ಎಣಿಕೆಯಿಂದ ಮುನ್ಸೂಚನೆ: ಕಿ-67 ಪ್ರೋಟೀನ್ ಮೂಲಕ ಕೋಶಚಕ್ರದ ಪಾಠ

ತರಗತಿ: 9ನೇ ತರಗತಿ
ವಿಷಯ: ವಿಜ್ಞಾನ (ಕೋಶ ವಿಭಜನೆ)
ಅವಧಿ: 45 ನಿಮಿಷ
ಉಪಕರಣಗಳು: ಚುಕ್ಕೆಗಳ ಚಾರ್ಟ್, ಕೋಶಚಕ್ರದ ಚಿತ್ರ

ಪಾಠದ ಆಯ್ಕೆ

ಕೋಶ ವಿಭಜನೆಯ ಹಂತಗಳನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅದನ್ನು ತಿಳಿದು ಏನು ಉಪಯೋಗ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆದ್ದರಿಂದ ಬೋಧನಾಭ್ಯಾಸದ ಈ ಪಾಠಕ್ಕೆ ಮೆನಿಂಜಿಯೋಮಾ ಎಂಬ ಗಡ್ಡೆಯನ್ನು ಉದಾಹರಣೆಯಾಗಿ ಆರಿಸಿಕೊಂಡೆ.

ವಿಷಯ ನಿರೂಪಣೆ

ಮೆದುಳನ್ನು ಸುತ್ತುವರಿದ ಪೊರೆಗಳಲ್ಲಿ ಹುಟ್ಟುವ ಗಡ್ಡೆಯೇ ಮೆನಿಂಜಿಯೋಮಾ. ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ. ಆದರೆ ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೂ ಕೆಲವು ಮರುಕಳಿಸುತ್ತವೆ. ಈ ಸಾಧ್ಯತೆಯನ್ನು ಅಂದಾಜಿಸಲು ನೆರವಾಗುವ ಜೈವಿಕ ಸೂಚಕಗಳಲ್ಲಿ ಕಿ-67 ಎಂಬ ಪ್ರೋಟೀನ್ ಒಂದು.

ಕೋಶವು ವಿಭಜನೆಯ ಚಕ್ರದಲ್ಲಿರುವಾಗ, ಅಂದರೆ ಜಿ1, ಎಸ್, ಜಿ2, ಎಂ ಹಂತಗಳಲ್ಲಿ, ಈ ಪ್ರೋಟೀನ್ ಕಂಡುಬರುತ್ತದೆ. ವಿಶ್ರಾಂತ ಜಿ0 ಹಂತದ ಕೋಶದಲ್ಲಿ ಕಾಣುವುದಿಲ್ಲ. ಇದನ್ನು ಗುರುತಿಸುವ ಪ್ರತಿಕಾಯವನ್ನು 1983ರಲ್ಲಿ ಜರ್ಮನಿಯ ಕೀಲ್ ನಗರದ ಸಂಶೋಧಕರು ವರದಿ ಮಾಡಿದರು. ಊರಿನ ಹೆಸರಿನ ಮೊದಲಕ್ಷರ, ಪ್ರಯೋಗದ ತಟ್ಟೆಯಲ್ಲಿ ಅದು ಸಿಕ್ಕ ಗುಳಿಯ ಸಂಖ್ಯೆ 67, ಎರಡೂ ಸೇರಿ ಈ ಹೆಸರಾಯಿತು.

ಗಡ್ಡೆಯ ತೆಳು ಪದರಕ್ಕೆ ಪ್ರತಿಕಾಯ ಸೇರಿಸಿ ಬಣ್ಣ ಬರಿಸಿದಾಗ ಕಿ-67 ಇರುವ ಕೋಶಕೇಂದ್ರಗಳು ಸಾಮಾನ್ಯವಾಗಿ ಕಂದಾಗಿಯೂ ಉಳಿದವು ನೀಲಿಯಾಗಿಯೂ ಕಾಣುತ್ತವೆ. ನೂರಕ್ಕೆ ಎಷ್ಟು ಕಂದು ಎಂಬುದೇ ಕಿ-67 ಸೂಚ್ಯಂಕ.

ಚಟುವಟಿಕೆ

ಚಾರ್ಟಿನಲ್ಲಿ 400 ಚುಕ್ಕೆ ಬರೆದು ನಾಲ್ಕು ಸಮಭಾಗ ಮಾಡಿದೆ. ಭಾಗಗಳಲ್ಲಿ ಕ್ರಮವಾಗಿ 1, 2, 3 ಮತ್ತು 10 ಕಂದು ಚುಕ್ಕೆ, ಉಳಿದವು ನೀಲಿ. ಒಂದೊಂದು ಗುಂಪು ಒಂದೊಂದು ಭಾಗವನ್ನು ಎಣಿಸಿತು. ಉತ್ತರಗಳನ್ನು ಹಲಗೆಯ ಮೇಲೆ ಬರೆದ ಕೂಡಲೇ ನಾಲ್ಕನೇ ಗುಂಪು ತಪ್ಪು ಎಣಿಸಿದೆ ಎಂದು ಉಳಿದವರು ವಾದಿಸಿದರು. ಗುಂಪುಗಳನ್ನು ಅದಲು ಬದಲು ಮಾಡಿ ಎಣಿಸಿದರೂ ಅದೇ ಉತ್ತರ ಬಂತು. ಇಡೀ ಚಾರ್ಟಿಗೆ ಸರಾಸರಿ ಶೇಕಡಾ 4. ಗಡ್ಡೆಯಲ್ಲೂ ವಿಭಜನೆ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಎಲ್ಲಿ ಎಣಿಸಿದೆವು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ ಎಂದು ಮಕ್ಕಳೇ ಹೇಳಿದರು.

ಒಂದು ಪ್ರಶ್ನೆ

"ನಮ್ಮ ದೊಡ್ಡಮ್ಮನಿಗೆ ತಲೆಯಲ್ಲಿ ಗಡ್ಡೆ ಆಪರೇಷನ್ ಆಗಿದೆ. ಶೇಕಡಾ 10 ಇದ್ದರೆ ಮತ್ತೆ ಬಂದೇ ಬರುತ್ತದಾ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ತರಗತಿ ಮೌನವಾಯಿತು. ಮಳೆಯ ಮುನ್ಸೂಚನೆಯ ಹೋಲಿಕೆ ಕೊಟ್ಟೆ. ಮಳೆ ಸಂಭವ ಹೆಚ್ಚು ಎಂದರೆ ಬಂದೇ ಬರುತ್ತದೆ ಎಂದಲ್ಲ. ಕೊಡೆ ಒಯ್ಯುತ್ತೇವೆ, ಅಷ್ಟೆ. ಹಾಗೆಯೇ ಸೂಚ್ಯಂಕ ಹೆಚ್ಚಿದ್ದರೆ ವೈದ್ಯರು ಹೆಚ್ಚು ಎಚ್ಚರದಿಂದ ಸ್ಕ್ಯಾನ್ ಮಾಡಿಸುತ್ತಾ ಗಮನಿಸಬಹುದು. ಗಡ್ಡೆಯ ಶ್ರೇಣಿ (1ರಿಂದ 3), ಅದನ್ನು ಎಷ್ಟು ಪೂರ್ಣವಾಗಿ ತೆಗೆಯಲಾಗಿದೆ ಎಂಬುದನ್ನೂ ಅವರು ಸೇರಿಸಿ ನೋಡುತ್ತಾರೆ. ಪೂರ್ಣವಾಗಿ ತೆಗೆದಷ್ಟೂ ಮರುಕಳಿಕೆ ಕಡಿಮೆ ಎಂಬುದನ್ನು ಸಿಂಪ್ಸನ್ ಎಂಬ ಶಸ್ತ್ರವೈದ್ಯರು 1957ರಲ್ಲೇ ತೋರಿಸಿದ್ದರು. ದೊಡ್ಡಮ್ಮನ ವಿಷಯ ಅವರ ವರದಿಗಳನ್ನು ನೋಡಿದ ವೈದ್ಯರೇ ಹೇಳಬೇಕು ಎಂದೂ ತಿಳಿಸಿದೆ. "ಹಾಗಾದರೆ ತಪಾಸಣೆ ತಪ್ಪಿಸಬಾರದು" ಎಂದು ಆಕೆಯೇ ಹೇಳಿದಳು.

ಮೌಲ್ಯಮಾಪನ

1. ಜಿ0 ಹಂತದ ಕೋಶ ಯಾವ ಬಣ್ಣದಲ್ಲಿ ಕಾಣುತ್ತದೆ? ಏಕೆ?
2. 500 ಕೋಶಗಳಲ್ಲಿ 15 ಕಂದಾಗಿದ್ದರೆ ಸೂಚ್ಯಂಕ ಎಷ್ಟು?
3. ಒಂದೇ ಗಡ್ಡೆಗೆ ಎರಡು ಸಂಖ್ಯೆಗಳು ಬರಲು ಕಾರಣವೇನು?

ಸಹ ಪ್ರಶಿಕ್ಷಣಾರ್ಥಿಗಳಿಗೆ

ರೋಗದ ಉದಾಹರಣೆ ತೆಗೆದುಕೊಂಡಾಗ ಆ ರೋಗವಿರುವ ಮನೆಯ ಮಗು ತರಗತಿಯಲ್ಲಿ ಇರಬಹುದು. ಶೇಕಡಾವಾರು ಕಲಿಸುವ ದಿನವೇ ಸಂಭವ ಬೇರೆ, ನಿಶ್ಚಯ ಬೇರೆ ಎಂಬುದನ್ನೂ ಕಲಿಸಲು ಹತ್ತು ನಿಮಿಷ ಮೀಸಲಿಡಿ.