ಹಳೆಯ ಜೀಪು ಕೊಳ್ಳುವ ಮುನ್ನ

ಕಾಫಿ ಕುಯ್ಲು ಮುಗಿದು, ಅಡಿಕೆ ಮಂಡಿಯ ಲೆಕ್ಕ ಕೈಗೆ ಬಂದ ಮೇಲೆ ನಮ್ಮಲ್ಲಿ ಅನೇಕರಿಗೆ ಒಂದು ಸೆಕೆಂಡ್ ಹ್ಯಾಂಡ್ ಜೀಪೋ ಪಿಕಪ್ಪೋ ಬೇಕೆನಿಸುತ್ತದೆ. ತಪ್ಪೇನಿಲ್ಲ. ಗೊಬ್ಬರ ತರಲು, ಮಳೆಗಾಲದಲ್ಲಿ ಆಸ್ಪತ್ರೆಗೆ ಓಡಲು ವಾಹನವಿಲ್ಲದೆ ತೋಟ ನಡೆಯುವುದಿಲ್ಲ. ಆದರೆ ಸದಸ್ಯ ಬಾಂಧವರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಎಂಜಿನ್ ಚೆನ್ನಾಗಿದೆ, ರೇಟೂ ಕಡಿಮೆ, ಪೇಪರ್ ಆಮೇಲೆ ಮಾಡಿಸಿಕೊಂಡರಾಯಿತು." ಈ 'ಆಮೇಲೆ'ಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

1988ರ ಮೋಟಾರು ವಾಹನಗಳ ಕಾಯಿದೆಯ 50ನೇ ಕಲಮಿನ ಪ್ರಕಾರ, ರಾಜ್ಯದೊಳಗೇ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ಫಾರಂ 29ರಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ಫಾರಂ 30ರಲ್ಲಿ ಅರ್ಜಿ ಕೊಟ್ಟು ಆರ್.ಸಿ.ಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಕಡೆ ನಡೆಯುವುದೇ ಬೇರೆ. ಖಾಲಿ ಫಾರಂಗಳಿಗೆ ಸಹಿ ಹಾಕಿಸಿ ಬ್ರೋಕರ ಕೈಗೆ ಕೊಟ್ಟುಬಿಡುತ್ತಾರೆ. ಅದು ಅವನ ಚೀಲದಲ್ಲೇ ಉಳಿದು, ಜೀಪು ಮಾತ್ರ ಮೂರು ಕೈ ದಾಟಿರುತ್ತದೆ.

ಇದರಿಂದ ಏನಾಗುತ್ತದೆಂಬುದಕ್ಕೆ ಉತ್ತರ ಭಾರತದ ಒಂದು ಮೊಕದ್ದಮೆ ಸಾಕು. ಒಬ್ಬರು 2007ರಲ್ಲಿ ತಮ್ಮ ಕಾರು ಮಾರಿದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಿದರು. ಆರ್.ಸಿ. ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿಯಿತು. 2009ರಲ್ಲಿ ಆ ಕಾರು ರಿವರ್ಸ್ ಬರುವಾಗ ಬಡಿದು ಒಬ್ಬರು ಸತ್ತರು, ಇನ್ನೊಬ್ಬರಿಗೆ ಗಾಯವಾಯಿತು. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ಸತ್ತವರ ಮನೆಯವರಿಗೆ 3,75,000 ರೂಪಾಯಿ ಪರಿಹಾರ ನಿಗದಿಯಾಯಿತು. ಕೊಡುವವರು ಯಾರು? 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರು. ಎರಡು ವರ್ಷದ ಹಿಂದೆಯೇ ಕಾರಿನ ಋಣ ಹರಿಯಿತೆಂದುಕೊಂಡಿದ್ದವರ ತಲೆಗೇ ಹೊರೆ ಬಂತು. ಆದಕಾರಣ ಜೀಪು ಮಾರುವ ಸದಸ್ಯರೂ ಇದನ್ನು ಕೊಳ್ಳುವವರ ತಲೆನೋವೆಂದು ಸುಮ್ಮನಿರಬಾರದು.

ಇನ್ನು ಕೊಂಡವರ ಪಾಡು. ಹಳೆಯ ಪಾಲಿಸಿ ಚಾಲ್ತಿಯಲ್ಲಿದ್ದರೆ ದಾರಿಹೋಕರಿಗೆ ಆಗುವ ಹಾನಿಯ ಮಟ್ಟಿಗೆ ಅದು ಕಾಯಿದೆಯ 157ನೇ ಕಲಮಿನಂತೆ ವಾಹನದ ಜೊತೆ ತಾನಾಗಿ ಬರುತ್ತದೆ. ಸ್ವಂತ ಜೀಪಿಗೆ ಆದ ಹಾನಿ ಹಾಗಲ್ಲ. ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ವಿಮಾ ಕಂಪನಿಗೆ 14 ದಿನಗಳೊಳಗೆ ಬರೆಯಬೇಕು. ಬರೆಯದೆ ಇದ್ದಾಗ ಜೀಪು ಘಾಟಿಯಲ್ಲಿ ಉರುಳಿದರೆ, ಕ್ಲೇಮು ಕೇಳಲು ಮಾರಿದವರಿಗೆ ವಾಹನವಿಲ್ಲ, ಕೊಂಡವರಿಗೆ ಪಾಲಿಸಿ ಇಲ್ಲ.

"ತೋಟದೊಳಗೆ ಓಡಿಸಲು ಮಾತ್ರ" ಎಂಬ ಸಮಾಧಾನವೂ ಉಂಟು. ತೋಟದಿಂದ ಕಣಕ್ಕೆ ಹೋಗುವ ದಾರಿಯಲ್ಲಿ ಪಂಚಾಯಿತಿ ರಸ್ತೆ ದಾಟದ ಜೀಪನ್ನು ನಾವಂತೂ ಕಂಡಿಲ್ಲ.

ಮುಂಗಡ ಕೊಡುವ ಮೊದಲು ಬಾನೆಟ್ ಎತ್ತಿ ನೋಡುವಷ್ಟೇ ಶ್ರದ್ಧೆಯಿಂದ ಆರ್.ಸಿ. ನೋಡಿ. ಚಾಸಿ ನಂಬರನ್ನು ವಾಹನದ ಮೇಲೇ ಹುಡುಕಿ ಹೋಲಿಸಿ. ಮಲೆನಾಡಿನ ಮಳೆಗೆ ತುಕ್ಕು ಹಿಡಿದಿರುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಉಜ್ಜಿದಾಗ ಅಂಕಿಯ ಸುತ್ತ ಗ್ರೈಂಡರಿನ ಗೆರೆ ಕಂಡರೆ ಹಣ ಜೇಬಿನಲ್ಲೇ ಇರಲಿ. ಆರ್.ಸಿ.ಯಲ್ಲಿ ಬ್ಯಾಂಕಿನ ಎಚ್.ಪಿ. ನಮೂದು ಇದ್ದರೆ, ಸಾಲ ತೀರಿದೆಯೆಂಬ ಬಾಯಿಮಾತು ಸಾಲದು. ಬ್ಯಾಂಕು ಸಹಿ ಮಾಡಿದ ಫಾರಂ 35 ಬೇಕು. ಕೊಡಗು, ಪುತ್ತೂರಿನ ಕಡೆ ಕೆ.ಎಲ್. ನಂಬರಿನ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಅಲ್ಲಿಯ ಎನ್.ಓ.ಸಿ., ಇಲ್ಲಿ ಕಟ್ಟಬೇಕಾದ ತೆರಿಗೆ ಇವನ್ನು ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ನೋಡಬೇಕು. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಮಿತಿ ಇದೆಯೆಂಬುದೂ ನೆನಪಿರಲಿ. 2022ರ ಏಪ್ರಿಲಿನಿಂದ ಅದರ ನವೀಕರಣದ ಶುಲ್ಕ ಬಹಳ ಏರಿದೆ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕುಂಟು. ತೀರಿಕೊಂಡ ತಂದೆಯ ಹೆಸರಿನಲ್ಲೇ ಆರ್.ಸಿ. ವರ್ಷಗಟ್ಟಲೆ ಉಳಿದಿರುತ್ತದೆ. ಮಾಲೀಕರು ತೀರಿಕೊಂಡರೆ 30 ದಿನಗಳಲ್ಲಿ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಅರ್ಜಿ ಕೊಡಬೇಕು. ಅಂಥ ಜೀಪನ್ನು ಮಗ ಮಾರಲು ಬಂದರೆ, ಮೊದಲು ಅವರ ಹೆಸರಿಗೆ ಆಗಲಿ ಎಂದು ಹೇಳಲು ಸಂಕೋಚ ಬೇಡ. ಪರಿಚಯದವರೆಂದು ಬಿಟ್ಟರೆ, ನಾಳೆ ಅಣ್ಣತಮ್ಮಂದಿರ ಪಾಲಿನ ಜಗಳ ನಿಮ್ಮ ಅಂಗಳಕ್ಕೆ ಬಂದೀತು.

ವಾಹನ ಪರವೂರಿನದಾದರೂ ಸರಿ, ಮಾರುವವರನ್ನೇ ಕಂಡು ಎದುರಿಗೇ ಸಹಿ ಹಾಕಿಸಿ. ಬೆಲೆಯಲ್ಲಿ ಒಂದಷ್ಟನ್ನು ಆರ್.ಸಿ. ಹೆಸರಿಗೆ ಬರುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಮಾತಿನಲ್ಲೇ ಇತ್ಯರ್ಥ ಮಾಡಿಕೊಂಡು, ರಸೀದಿಯಲ್ಲಿ ಬರೆಸಿ. ಅದೇ ರಸೀದಿಯಲ್ಲಿ ವಾಹನ ಕೈಬದಲಾದ ದಿನಾಂಕದ ಜೊತೆಗೆ ಗಂಟೆಯನ್ನೂ ಹಾಕಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.